ದೂರು ಕೊಟ್ಟವರನ್ನೇ ಬದಲಾಯಿಸುವ ಅಭ್ಯಾಸ





ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಓದಿದ್ದು ಐಟಿಐ. ಕಡೂರಿನಲ್ಲಿ ಬಿ.ಎಚ್. ರಸ್ತೆ ಪಕ್ಕ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದೇನೆ. ನಮ್ಮ ಗುಂಪಿನ ಹಿರಿಯರ ಹಾಗೆ ಪಾಳಿ ಶಬ್ದಗಳ ಅರ್ಥ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ. ಗೊತ್ತಿರುವುದು ಗಾಡಿ. ಹಾಗಾಗಿ ಗಾಡಿಯಿಂದಲೇ ಶುರು ಮಾಡುತ್ತೇನೆ. ಕೊನೆಯವರೆಗೂ ಓದಿ, ಗಾಡಿಯಲ್ಲೇ ನಿಲ್ಲುವುದಿಲ್ಲ.

ಅಜ್ಜಂಪುರದ ನಮ್ಮ ಮೇಷ್ಟ್ರನ್ನು ನೀವೆಲ್ಲ ಬಲ್ಲಿರಿ. ಅವರದು 2012ರ ಮಾದರಿಯ ಪೆಟ್ರೋಲ್ ಕಾರು. ಭಾನುವಾರ ತರೀಕೆರೆಯಲ್ಲಿ ಓದು ಇದ್ದಾಗ ಇಬ್ಬರು ವಯಸ್ಸಾದ ತಾಯಂದಿರನ್ನು ಅದರಲ್ಲೇ ಕೂರಿಸಿಕೊಂಡು ಬರುತ್ತಾರೆ. ಆ ಕಾರು ನಿಂತರೆ ಆ ಇಬ್ಬರ ಓದೂ ನಿಂತ ಹಾಗೆ. ಈ ಬೇಸಿಗೆಯಲ್ಲಿ ಕಾರಿನ ಮುಂದಿನ ಹಲಗೆಯಲ್ಲಿ ಹಳದಿ ಬಣ್ಣದ ಚೆಕ್ ಎಂಜಿನ್ ಲೈಟು ಹತ್ತಿಕೊಂಡಿತು. ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದದ್ದು ಹನ್ನೊಂದಕ್ಕೆ ಇಳಿಯಿತು. ಮೇಷ್ಟ್ರು ಗಾಡಿ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದರು.

ಸ್ಕ್ಯಾನರ್ ಹಾಕಿದೆ. ಪಿ 0131 ಎಂಬ ಕೋಡು ಬಂತು. ಆಕ್ಸಿಜನ್ ಸೆನ್ಸರಿನಿಂದ ಬರುತ್ತಿರುವ ವೋಲ್ಟೇಜ್ ಕಡಿಮೆ ಇದೆ ಎಂದು ಅದರ ಅರ್ಥ. ನಾನು ಓದಿದ್ದು 'ಸೆನ್ಸರ್' ಎಂಬ ಒಂದೇ ಮಾತನ್ನು. ಹಳೆಯದನ್ನು ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದೆ. ಹೊಸದು ಹಾಕಿದೆ. ಮೂರು ಸಾವಿರದ ಇನ್ನೂರು ರೂಪಾಯಿ. ಸ್ಕ್ಯಾನರಿನಲ್ಲಿ ಕೋಡು ಅಳಿಸಿದೆ, ಲೈಟು ಆರಿತು. ಮೇಷ್ಟ್ರು ಖುಷಿಯಿಂದ ಹೋದರು.

ಒಂಬತ್ತನೇ ದಿನಕ್ಕೆ ಲೈಟು ಮತ್ತೆ ಹತ್ತಿತು.

ಅವರು ವಾಪಸ್ ಬಂದಾಗ ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. "ಈ ಸಲ ಬಂದ ಮಾಲು ಸರಿಯಿಲ್ಲ ಸಾರ್, ಬೇರೆ ತರಿಸೋಣ" ಅಂದೆ. ಮೇಷ್ಟ್ರು ಸಿಟ್ಟಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕೇಳಿದ ಧ್ವನಿಯಲ್ಲೇ ನನಗೂ ಕೇಳಿದರು: "ಮೊದಲಿಂದು ಕೆಟ್ಟಿತ್ತು ಅಂತ ನೀನು ನೋಡಿದೆಯೋ, ಅಂದುಕೊಂಡೆಯೋ?"

ನೋಡಿರಲಿಲ್ಲ ಬಂಧುಗಳೇ, ಅಂದುಕೊಂಡಿದ್ದೆ.

ಎರಡು ಭಾನುವಾರದ ಹಿಂದೆಯಷ್ಟೇ ನಾವು ಕಾಲಾಮರಿಗೆ ಭಗವಾನರು ಹೇಳಿದ ಉಪದೇಶ ಓದಿದ್ದೆವು. ಬಹಳ ಜನ ಹೇಳುತ್ತಾರೆಂದು, ಹಿಂದಿನಿಂದ ಬಂದಿದೆಯೆಂದು, ಗ್ರಂಥದಲ್ಲಿದೆಯೆಂದು, ಹೇಳಿದವರು ದೊಡ್ಡವರೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ತಿಳಿಯಿರಿ ಎಂಬುದು ಅದರ ತಿರುಳು. ಅಂದು ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನು ನಾನೇ. ಅಂಗಡಿಗೆ ಬಂದು ಮಾಡಿದ್ದು ಮಾತ್ರ ಇದು. ಸ್ಕ್ಯಾನರ್ ಹೇಳಿತು ಅಂತ ಒಪ್ಪಿದೆ. ಅದು ಹೇಳಿದ್ದನ್ನಾದರೂ ಪೂರ್ತಿ ಕೇಳಲಿಲ್ಲ.

ಈ ಸೆನ್ಸರ್ ಏನು ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು. ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪಿನಲ್ಲಿ, ಎಂಜಿನ್ನಿಗೆ ಹತ್ತಿರದಲ್ಲಿ, ಬೆರಳುದ್ದದ ಒಂದು ಸಾಧನ ಕೂತಿರುತ್ತದೆ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಂದದ್ದು. ನಮ್ಮ ಕಡೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಗಾಡಿಗಳು ಬಂದ ಮೇಲೆ ಕಾಣಿಸಿಕೊಂಡಿತು. ಅದರೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ಚಿಕ್ಕ ಟೋಪಿ. ಟೋಪಿಯ ಒಂದು ಮುಖಕ್ಕೆ ಹೊಗೆ ತಾಗುತ್ತದೆ, ಇನ್ನೊಂದು ಮುಖಕ್ಕೆ ಹೊರಗಿನ ಶುದ್ಧ ಗಾಳಿ. ಮುನ್ನೂರು ಡಿಗ್ರಿ ದಾಟಿ ಬಿಸಿಯಾದ ಮೇಲೆ, ಎರಡೂ ಕಡೆಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ 0.8, 0.9 ವೋಲ್ಟ್. ಗಾಳಿ ಹೆಚ್ಚಾಗಿದ್ದರೆ 0.1, 0.2. ಗಾಡಿಯ ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ಎಲ್ಲ ಸರಿಯಿದ್ದಾಗ ಈ ವೋಲ್ಟೇಜ್ ಒಂದು ಕಡೆ ನಿಲ್ಲುವುದಿಲ್ಲ. ಉಸಿರಾಟದ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

ಅಂದರೆ ಸೆನ್ಸರ್ ಏನನ್ನೂ ಕೆಡಿಸುವುದಿಲ್ಲ, ಏನನ್ನೂ ಸರಿ ಮಾಡುವುದಿಲ್ಲ. ಒಳಗೂ ಹೊರಗೂ ಇರುವ ವ್ಯತ್ಯಾಸವನ್ನು ಹೇಳುತ್ತದೆ, ಅಷ್ಟೇ.

ಮೇಷ್ಟ್ರನ್ನು ಸ್ಟೂಲಿನ ಮೇಲೆ ಕೂರಿಸಿ, ಗುಜರಿ ಡಬ್ಬದಿಂದ ಹಳೆಯ ಸೆನ್ಸರನ್ನೇ ಹುಡುಕಿ ತೆಗೆದೆ. ಮೊದಲು ಅದನ್ನು ಬಿಸಿ ಮಾಡುವ ಎರಡು ತಂತಿಗಳ ನಡುವಿನ ರೋಧ ನೋಡಿದೆ. ಸರಿಯಾಗಿತ್ತು. ಮತ್ತೆ ಅದನ್ನೇ ಪೈಪಿಗೆ ತಿರುಗಿಸಿ, ಎಂಜಿನ್ ಬಿಸಿ ಮಾಡಿ, ಸಿಗ್ನಲ್ ತಂತಿಗೆ ಮೀಟರ್ ಹಿಡಿದೆ. 0.1 ವೋಲ್ಟ್. ಕದಲುತ್ತಿಲ್ಲ. ಆಮೇಲೆ ಗಾಳಿ ಒಳಹೋಗುವ ಕಡೆ ಕಾರ್ಬ್ಯುರೇಟರ್ ಕ್ಲೀನರ್ ಒಂದು ಚೂರು ಚಿಮುಕಿಸಿದೆ. ತಕ್ಷಣ 0.85ಕ್ಕೆ ಏರಿತು. ಒಂದು ನಿರ್ವಾತದ ಕೊಳವೆ ಕಿತ್ತೆ. 0.1ಕ್ಕೆ ಬಿತ್ತು. ಗುಜರಿಗೆ ಎಸೆದಿದ್ದ ಸೆನ್ಸರ್ ಜೀವಂತವಾಗಿತ್ತು. ಕೇಳಿದ ಪ್ರಶ್ನೆಗೆಲ್ಲ ನೇರ ಉತ್ತರ ಕೊಟ್ಟಿತು.

ಹಾಗಾದರೆ ಸುಮ್ಮನೆ ನಿಂತಾಗ ಅದು ಗಾಳಿ ಹೆಚ್ಚಿದೆ ಎನ್ನುತ್ತಿರುವುದೇಕೆ? ಬಹುಶಃ ಗಾಳಿ ನಿಜವಾಗಿಯೂ ಹೆಚ್ಚಿದೆ! ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆ. ಗಾಡಿ ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಅರೆಬರೆ ಮುಚ್ಚಿ ಕಿವಿಗೊಟ್ಟೆ. ಮ್ಯಾನಿಫೋಲ್ಡಿಗೂ ಪೈಪಿಗೂ ಕೂಡುವ ಜಾಗದಲ್ಲಿ ಟಿಕ್ ಟಿಕ್ ಸದ್ದು. ಬಗ್ಗಿ ನೋಡಿದರೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ. ಎರಡು ಬೋಲ್ಟು ತುಕ್ಕು ಹಿಡಿದು ಸಡಿಲವಾಗಿದ್ದವು. ಎಂಜಿನ್ ಹೊಗೆಯನ್ನು ಒಂದೇ ಸಮನೆ ಬಿಡುವುದಿಲ್ಲ, ಬಡಿತ ಬಡಿತವಾಗಿ ಬಿಡುತ್ತದೆ. ಎರಡು ಬಡಿತಗಳ ನಡುವೆ ಆ ಬಿರುಕಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಸೆನ್ಸರ್ ಅದನ್ನೇ ಹೇಳುತ್ತಿತ್ತು. ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲು ಜಾಸ್ತಿ ಸುರಿಯುತ್ತಿತ್ತು. ಮೈಲೇಜು ಬಿದ್ದದ್ದು ಅದಕ್ಕೆ.

ಗ್ಯಾಸ್ಕೆಟ್ಟು, ಎರಡು ಬೋಲ್ಟು ಸೇರಿ ಇನ್ನೂರು ರೂಪಾಯಿ ಒಳಗೆ ಮುಗಿಯಿತು. ಹಳೆಯ ಸೆನ್ಸರನ್ನೇ ಉಳಿಸಿದೆ. ಮೂರು ಸಾವಿರದ ಇನ್ನೂರನ್ನು ಮೇಷ್ಟ್ರಿಗೆ ವಾಪಸ್ ಕೊಟ್ಟೆ. ಅವರು ಬೇಡ ಅಂದರೂ ಜೇಬಿಗೆ ಇಟ್ಟೆ. ಈಗ ಲೈಟು ಹತ್ತುತ್ತಿಲ್ಲ.

ಗಾಡಿಯ ಕಥೆ ಇಲ್ಲಿಗೆ ಮುಗಿಯಿತು. ನನ್ನ ಕಥೆ ಇಲ್ಲಿಂದ ಶುರು.

ಆ ರಾತ್ರಿ ಅಂಗಡಿ ಬಾಗಿಲು ಎಳೆದು ಮನೆಗೆ ನಡೆಯುವಾಗ ನನ್ನ ಮಗಳ ನೆನಪಾಯಿತು. ಅವಳು ಡಿಗ್ರಿ ಮೊದಲ ವರ್ಷ. ಐದು ತಿಂಗಳ ಹಿಂದೆ ಒಂದು ಸಂಜೆ ಬಂದು ಹೇಳಿದ್ದಳು: "ಅಪ್ಪಾ, ಗೆಳತಿ ಮನೆಗೆ ನೋಟ್ಸ್ ಬರೆಯೋಕೆ ಹೋಗಿದ್ದೆ. ಎಲ್ಲರಿಗೂ ಒಳಗಿಂದ ಲೋಟ ತಂದರು. ನನಗೆ ಮಾತ್ರ ಹಿತ್ತಲ ಕಿಟಕಿ ಮೇಲಿದ್ದ ಲೋಟ. ಕುಡಿದ ಮೇಲೆ ತೊಳೆದಿಡು ಅಂದರು. ಬೇರೆ ಯಾರಿಗೂ ಹೇಳಲಿಲ್ಲ."

ನಾನು ಏನಂದೆ ಗೊತ್ತೇ? "ನೀನು ಎಲ್ಲದಕ್ಕೂ ಜಾಸ್ತಿ ಯೋಚನೆ ಮಾಡ್ತೀಯ. ಅವರ ಮನೆಯಲ್ಲಿ ಲೋಟ ಕಮ್ಮಿ ಇರಬಹುದು. ಓದೋ ಕಡೆ ಗಮನ ಕೊಡು."

ಅವಳು ಸುಮ್ಮನಾದಳು. ಆಮೇಲೆ ಅಂಥ ಮಾತನ್ನು ಮತ್ತೆ ತರಲಿಲ್ಲ. ಸಮಸ್ಯೆ ಮುಗಿಯಿತು ಅಂತ ನಾನು ತಿಳಿದೆ.

ಮುಗಿದಿರಲಿಲ್ಲ. ನಾನು ಕೋಡು ಅಳಿಸಿದ್ದೆ, ಅಷ್ಟೇ.

ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟದ್ದೂ ಇದೆ. ಕೆಲವರು ಆ ಹಳದಿ ಲೈಟಿನ ಬಲ್ಬನ್ನೇ ತೆಗೆದುಬಿಡುತ್ತಾರೆ. ಸೆನ್ಸರಿನ ಪ್ಲಗ್ಗು ಕಿತ್ತರೂ ಗಾಡಿ ಓಡುತ್ತದೆ. ಆಗ ಕಂಪ್ಯೂಟರ್ ತನ್ನಲ್ಲಿ ಮೊದಲೇ ಬರೆದಿಟ್ಟ ಅಂದಾಜಿನ ಮೇಲೆ ಪೆಟ್ರೋಲು ಸುರಿಯುತ್ತದೆ. ಹೊಗೆಯಲ್ಲಿ ಏನಿದೆ ಎಂದು ಅದಕ್ಕೆ ತಿಳಿಯದು. ಗಾಡಿ ಓಡುತ್ತಿದೆಯಲ್ಲ, ಇನ್ನೇನು ಬೇಕು ಅನ್ನುತ್ತಾರೆ. ಐದು ತಿಂಗಳು ನನ್ನ ಮನೆ ಹಾಗೆ ಓಡಿತು.

ಬಂಧುಗಳೇ, ನಮ್ಮ ಚರಿತ್ರೆ ತುಂಬ ಇದೇ ನಡೆದಿದೆ. ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಇದ್ದಾಗ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಹೊರಗಿನ ಗಾಳಿಯನ್ನೂ ಒಳಗಿನ ಹೊಗೆಯನ್ನೂ ಎರಡು ಮುಖದಲ್ಲಿ ಕಂಡವರು ಅವರು. ವ್ಯತ್ಯಾಸ ಎಷ್ಟಿದೆ ಎಂದು ಅಷ್ಟು ಸ್ಪಷ್ಟವಾಗಿ ಹೇಳಬಲ್ಲವರಾದದ್ದು ಅದಕ್ಕೆ. ಹೊಗೆಯಲ್ಲೇ ಹುಟ್ಟಿ ಹೊಗೆಯಲ್ಲೇ ಬೆಳೆದವರಿಗೆ ಹೊಗೆಯೇ ಗಾಳಿ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಅವರಿಗೆ ತಾಗುವುದಿಲ್ಲ.

ನಮ್ಮ ಕರ್ನಾಟಕದ್ದೇ ಒಂದು ನಿದರ್ಶನ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯವೇ ಹೊತ್ತಿ ಉರಿಯಿತು. ಮೆರವಣಿಗೆ, ಕಲ್ಲು. ಹಾಸ್ಟೆಲಿನಲ್ಲಿದ್ದ ನಮ್ಮ ಹುಡುಗರ ಮೇಲೆ ಏಟು. ಕೊನೆಗೆ ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು. ಅವರ ಮಾತು ಒರಟಾಗಿತ್ತೋ ಇಲ್ಲವೋ, ವಾದ ಮಾಡುವವರು ಮಾಡಲಿ. ನನ್ನ ಪ್ರಶ್ನೆ ಬೇರೆ. ಈ ಮನುಷ್ಯನಿಗೆ ಹಾಗೇಕೆ ಅನ್ನಿಸಿತು, ಆ ಪುಸ್ತಕಗಳಲ್ಲಿ ನಮ್ಮ ಕೇರಿಯ ಬದುಕು ಎಷ್ಟಿತ್ತು ಎಂದು ಅಂದು ಬೀದಿಗಿಳಿದವರಲ್ಲಿ ಎಷ್ಟು ಜನ ಬಗ್ಗಿ ನೋಡಿದರು? ಮೀಟರು ಕಡಿಮೆ ತೋರಿಸಿತು. ಮೀಟರನ್ನು ಕಿತ್ತೆಸೆದರು. ಲೈಟು ಆರಿತು ಎಂದುಕೊಂಡರು.

ಆದರೆ ಬಿರುಕು ಹಾಗೇ ಇದ್ದ ಮೇಲೆ ಲೈಟು ಮತ್ತೆ ಹತ್ತಲೇಬೇಕು. ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಸಂಗಾತಿಗಳ ಜೊತೆ ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಒಬ್ಬರನ್ನು ಸುಮ್ಮನಾಗಿಸಿದ್ದಕ್ಕೆ ಸಾವಿರ ಬಾಯಿ ಬಂತು. ನಮ್ಮಲ್ಲಿ ಹಲವರ ತಂದೆ ತಾಯಿ ಧಮ್ಮದ ಹೆಸರು ಮೊದಲು ಕೇಳಿದ್ದು ಆ ಸಭೆಗಳಲ್ಲೇ.

ಇಂದಿಗೂ ಕೇಳುತ್ತೇವಲ್ಲ: "ಈಗ ಜಾತಿ ಎಲ್ಲಿದೆ? ಜಾತಿ ಜಾತಿ ಅಂತ ಮಾತಾಡುವವರೇ ಅದನ್ನು ಉಳಿಸಿಕೊಂಡಿರುವುದು." ಇದು ಸೆನ್ಸರನ್ನು ಬೈಯುವ ಮಾತು. ದುಃಖವಿದೆ ಎಂದು ಹೇಳಿದವರನ್ನೇ ದುಃಖದ ಕಾರಣ ಎನ್ನುವ ಮಾತು. ಭಗವಾನರು ನಾಲ್ಕು ಸತ್ಯಗಳನ್ನು ಒಳ್ಳೆಯ ವೈದ್ಯನ ಹಾಗೆ ಜೋಡಿಸಿದರು. ಮೊದಲು ದುಃಖವಿದೆ ಎಂದು ಒಪ್ಪು. ಆಮೇಲೆ ಕಾರಣ ಹುಡುಕು. ಮೊದಲನೆಯದನ್ನೇ ಒಪ್ಪದವನು ಎರಡನೆಯದಕ್ಕೆ ಹೋಗುವುದಾದರೂ ಹೇಗೆ? ಲೈಟು ಹತ್ತಿದೆ ಎಂದು ಒಪ್ಪದ ಮೆಕ್ಯಾನಿಕ್ ಬಾನೆಟ್ ಎತ್ತುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸೆನ್ಸರ್ ಕೆಡುವುದೇ ಇಲ್ಲವೇ? ಕೆಡುತ್ತದೆ. ಮಸಿ ಕಟ್ಟುತ್ತದೆ, ಬಿಸಿ ಮಾಡುವ ತಂತಿ ಕಡಿಯುತ್ತದೆ, ವಯಸ್ಸಾದರೆ ಉತ್ತರ ನಿಧಾನವಾಗುತ್ತದೆ. ನಮ್ಮ ಮನಸ್ಸಿಗೂ ಹಾಗೆ ಆಗಬಹುದು. ಹಳೆಯ ಸಿಟ್ಟಿನ ಮಸಿ ಕಟ್ಟಿ, ಇಲ್ಲದ್ದನ್ನು ಇದೆ ಎಂದು ಹೇಳಬಹುದು. ಆದ್ದರಿಂದ ದೂರು ಹೇಳಿದವರ ಮಾತೆಲ್ಲ ನಿಜ ಎಂದು ಕಣ್ಣು ಮುಚ್ಚಿ ಒಪ್ಪಿ ಎನ್ನುತ್ತಿಲ್ಲ. ಅದೂ ಕಾಲಾಮರಿಗೆ ಹೇಳಿದ್ದಕ್ಕೆ ವಿರುದ್ಧವೇ. ನಾನು ಹೇಳುವುದು ಇಷ್ಟು: ಪರೀಕ್ಷೆ ಮಾಡದೆ ಗುಜರಿಗೆ ಎಸೆಯಬೇಡಿ. ಲೋಟ ನಿಜವಾಗಿಯೂ ಕಮ್ಮಿ ಇತ್ತೇ ಎಂದು ಕೇಳುವುದು ಪರೀಕ್ಷೆ. ಕೇಳದೆಯೇ "ಕಮ್ಮಿ ಇರಬಹುದು" ಅನ್ನುವುದು ತಪ್ಪಿಸಿಕೊಳ್ಳುವುದು. ನಾನು ಹಾಗಂದದ್ದು ಅವರ ಮನೆಯ ಮರ್ಯಾದೆಗೋಸ್ಕರ ಅಲ್ಲ. ವಿಷಯ ನಿಜವಾಗಿದ್ದರೆ ನಾನು ಏನಾದರೂ ಮಾಡಬೇಕಾಗುತ್ತದಲ್ಲ, ಆ ಭಯಕ್ಕೆ. ಆ ಮನೆಯವರ ಎರಡು ಗಾಡಿ ನನ್ನ ಅಂಗಡಿಗೇ ಬರುತ್ತವೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಈ ಚಿಂತನೆಗೆ ಅರ್ಥವಿಲ್ಲ.

ಪಂಚಶೀಲದ ನಾಲ್ಕನೆಯದು ಮುಸಾವಾದದಿಂದ ದೂರವಿರುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದು ಒಂದು. ಸುಳ್ಳು ಎಂದರೆ ಬಾಯಿಂದ ಹೇಳುವುದು ಮಾತ್ರ ಎಂದು ನಾನು ತಿಳಿದಿದ್ದೆ. ಬಿರುಕು ಮುಚ್ಚದೆ ಲೈಟು ಆರಿಸುವುದೂ ಸುಳ್ಳೇ. ಬಾಯಿ ಬಿಡದೆ ಹೇಳುವ ಸುಳ್ಳು.

ಮಗ ರಾಹುಲನಿಗೆ ಭಗವಾನರು ಹೇಳಿದ್ದು ಇದಕ್ಕೆ ಹತ್ತಿರದ್ದು. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನಿನ್ನ ಕೆಲಸವನ್ನು ನೋಡಿಕೋ, ಇದರಿಂದ ನನಗೋ ಬೇರೆಯವರಿಗೋ ನೋವಾಯಿತೇ ಎಂದು ಕೇಳಿಕೋ ಎಂದರು. ಅಶೋಕ ಮಹಾರಾಜ ಬೈರಾಟದ ಶಾಸನದಲ್ಲಿ ಎಲ್ಲರೂ ಕೇಳಬೇಕೆಂದು ಹೆಸರಿಸಿದ ಉಪದೇಶಗಳಲ್ಲಿ, ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶವೂ ಇದೆ. ಗಾಡಿಯ ಕಂಪ್ಯೂಟರ್ ಮಾಡುವುದೂ ಅದನ್ನೇ. ಪೆಟ್ರೋಲು ಕೊಡುತ್ತದೆ, ಹೊಗೆ ನೋಡುತ್ತದೆ, ತಿದ್ದಿಕೊಳ್ಳುತ್ತದೆ. ಮತ್ತೆ ಕೊಡುತ್ತದೆ, ಮತ್ತೆ ನೋಡುತ್ತದೆ. ನೋಡುವುದನ್ನು ಬಿಟ್ಟ ದಿನ ತಿದ್ದಿಕೊಳ್ಳುವುದೂ ನಿಲ್ಲುತ್ತದೆ.

ಆ ರಾತ್ರಿ ಊಟವಾದ ಮೇಲೆ ಮಗಳ ಪಕ್ಕ ಕೂತು ಹೇಳಿದೆ: "ಅವತ್ತು ಲೋಟದ ವಿಷಯ ಹೇಳಿದೆಯಲ್ಲ, ನಾನು ಸರಿಯಾಗಿ ಕೇಳಲಿಲ್ಲ. ಈಗ ಹೇಳು." ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಲೋಟದ ವಿಷಯ ಬಿಟ್ಟು ಬೇರೆ ಎರಡು ಘಟನೆ ಹೇಳಿದಳು. ಎರಡೂ ಈ ಐದು ತಿಂಗಳೊಳಗೆ ನಡೆದದ್ದು. ಅವುಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ಅವಳವು. "ಯಾಕೆ ಹೇಳಲಿಲ್ಲ?" ಅಂದೆ. "ಹೇಳಿದರೆ ನಂದೇ ತಪ್ಪು ಅಂತೀಯಲ್ಲ" ಅಂದಳು.

ಮರುವಾರ ಅವಳೇ ಗೆಳತಿಯನ್ನು ನೇರವಾಗಿ ಕೇಳಿದಳು. ನಾನು ಬರುತ್ತೇನೆ ಅಂದೆ, ಬೇಡ ಅಂದಳು. ಆ ಹುಡುಗಿಗೆ ಕಿಟಕಿ ಮೇಲಿನ ಲೋಟ ಯಾರಿಗೆ ಅಂತ ಗೊತ್ತಿತ್ತು. ಅದು ತಪ್ಪು ಅಂತ ಯಾವತ್ತೂ ಅನ್ನಿಸಿರಲಿಲ್ಲವಂತೆ. ಅತ್ತಳಂತೆ. ಅವರ ಮನೆಯಲ್ಲಿ ಏನೂ ಬದಲಾದ ಹಾಗೆ ಕಾಣಲಿಲ್ಲ. ಅವರ ಒಂದು ಗಾಡಿ ಈಗ ಬೇರೆ ಗ್ಯಾರೇಜಿಗೆ ಹೋಗುತ್ತಿದೆ. ಆ ಹುಡುಗಿ ಮಾತ್ರ ಎರಡು ಸಲ ನಮ್ಮ ಮನೆಗೆ ಬಂದಳು, ನಮ್ಮ ಅಡಿಗೆಮನೆಯಲ್ಲಿ ತಾನೇ ನೀರು ಬಗ್ಗಿಸಿಕೊಂಡು ಕುಡಿದಳು. ಇದು ದೊಡ್ಡ ಗೆಲುವಲ್ಲ. ಆದರೆ ಮಗಳು ಈಗ ಸಂಜೆ ಬಂದರೆ ಚೀಲ ಇಡುವ ಮುಂಚೆಯೇ ಮಾತು ಶುರು ಮಾಡುತ್ತಾಳೆ. ನನಗೆ ಅದು ಸಾಕು.

ಕೊನೆಯದಾಗಿ ನಮ್ಮ ಗುಂಪಿನ ಮಾತು. ಹೋದ ವರ್ಷ ಒಬ್ಬ ತಾಯಿ ಭಾನುವಾರದ ಓದಿನಲ್ಲಿ ಎದ್ದು ಹೇಳಿದರು: "ಓದುವವರು ಯಾವಾಗಲೂ ಗಂಡಸರು, ಚಹಾ ಮಾಡುವವರು ಯಾವಾಗಲೂ ನಾವು. ಇದು ಯಾವ ಧಮ್ಮ?" ನಾವು ನಕ್ಕೆವು. ಆಮೇಲೆ ಯಾರೋ "ಅವರ ಸ್ವಭಾವವೇ ಹಾಗೆ, ಸ್ವಲ್ಪ ಜಗಳಗಂಟಿ" ಅಂದರು. ನಾನೂ ಹೂಂ ಅಂದೆ. ಹೆಣ್ಣುಮಕ್ಕಳ ಹಕ್ಕಿನ ಹಿಂದೂ ಸಂಹಿತೆ ಮಸೂದೆ ಕೈಬಿಟ್ಟಾಗ, 1951ರಲ್ಲಿ ಕೇಂದ್ರದ ಮಂತ್ರಿಗಿರಿಯನ್ನೇ ಬಿಟ್ಟು ಬಂದವರ ಫೋಟೋ ಅದೇ ಗೋಡೆಯ ಮೇಲಿತ್ತು. ಆ ತಾಯಿ ಈಗ ಓದಿಗೆ ಬರುತ್ತಿಲ್ಲ. ಮೊಣಕಾಲು ನೋವು ಅಂತೆ. ನಮ್ಮ ಗುಂಪಿನಲ್ಲಿ ಯಾವ ಜಗಳವೂ ಇಲ್ಲ, ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂತ ನಾವು ಹೇಳಿಕೊಳ್ಳುತ್ತೇವೆ. ಲೈಟು ಆರಿದೆ ಬಂಧುಗಳೇ. ಬಿರುಕು ಮುಚ್ಚಿದೆಯೇ?

ಈ ಭಾನುವಾರ ಓದು ಅಜ್ಜಂಪುರದಲ್ಲಿ. ನಾನು ಬೀರೂರಿನ ಮೇಲೆ ಹೋಗುವವನು. ದಾರಿಯಲ್ಲಿ ಅವರ ಮನೆಗೆ ಹೋಗಿ, ಓದಲು ಬನ್ನಿ ಎಂದು ಕರೆಯುತ್ತೇನೆ. ಚಹಾ ನಾನು ಮಾಡುತ್ತೇನೆ.

ಇಂದಿನ ಅಭ್ಯಾಸ:

ಇವತ್ತು ಸ್ವಲ್ಪ ಹೊತ್ತು ಸುಮ್ಮನೆ ಕೂತು, ನನ್ನ ಹತ್ತಿರ ದೂರು ಹೇಳುವುದನ್ನು ಬಿಟ್ಟವರು ಯಾರು ಎಂದು ನೆನಪು ಮಾಡಿಕೊಳ್ಳಿ. ಹೆಂಡತಿ, ಮಗ, ಸೊಸೆ, ಕೆಲಸದ ಹುಡುಗ, ಯಾರೇ ಆಗಲಿ. ಅವರು ಸುಮ್ಮನಾದದ್ದು ನೋವು ಹೋಗಿದ್ದರಿಂದಲೋ, ನಾವು ಕೇಳದೆ ಇದ್ದದ್ದರಿಂದಲೋ? ಅಂದುಕೊಳ್ಳಬೇಡಿ. ಹೋಗಿ ಕೇಳಿ ನೋಡಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ಜೈ ಭೀಮ್.